ಈ ತುದಿ ಹಿಡ್ಕೊ

ಮಗಳು ಹುಟ್ಟಿದ ವಾರದಲ್ಲೇ ಬಡಗಿ ತನ್ನ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ.

ಆಗ ಅವರ ಸಂಸಾರ, ಕಸುಬು ಎರಡೂ ಒಂದೇ ಸೂರಿನಡಿ. ಇಸ್ತ್ರಿ ಅಂಗಡಿಯ ಹಿಂದಿನ ಬಾಡಿಗೆ ಶೆಡ್ಡು. ಮುಂದೆ ಗರಗಸ, ಹಿಂದೆ ಒಲೆ, ನಡುವೆ ಒಂದು ಪರದೆ. ಪರದೆ ಹೆಸರಿಗಷ್ಟೇ, ಊಟದಲ್ಲಿ ಮರದ ಪುಡಿ, ಮರದಲ್ಲಿ ಈರುಳ್ಳಿಯ ವಾಸನೆ. ಹೆಂಡತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬಡಗಿ ಸಂತೋಷ ತಡೆಯಲಾರದೆ ತನ್ನ ಅತಿ ಸಣ್ಣ ಉಳಿಯನ್ನು ಒರೆಸಿ ತಂದು, ಕೂಸಿನ ಮುಷ್ಟಿಯ ಪಕ್ಕ ಹಿಡಿದು ಅಳತೆ ನೋಡಿದ.

"ಹಿಡಿ ಸ್ವಲ್ಪ ದಪ್ಪ ಆಯ್ತು. ಇವಳಿಗೆ ಬೇರೇನೇ ಮಾಡಬೇಕು," ಅಂದ. "ನಮ್ಮ ಹೊಸ ಪಾಲುದಾರರು ಕಣೇ ಇವರು."

ಹೆಂಡತಿ ನಗಲಿಲ್ಲ.

"ಅದನ್ನ ಮೊದಲು ಆಚೆ ಇಡಿ."

"ತಮಾಷೆಗೆ ಕಣೇ."

"ನಮ್ಮಪ್ಪನೂ ತಮಾಷೆಗೇ ಶುರು ಮಾಡಿದ್ದು." ಅವಳಪ್ಪ ದರ್ಜಿ. "ನಾನು ಆಗಷ್ಟೇ ಶಾಲೆಯಿಂದ ಬಂದು ಚೀಲ ಇಳಿಸಿದ್ದೆ. 'ಮಗಾ, ಈ ತುದಿ ಹಿಡ್ಕೊ' ಅಂದ್ರು. ಬಟ್ಟೆ ಕತ್ತರಿಸೋವರೆಗೆ ಅಷ್ಟೇ ಅಂತ. ಹಿಡ್ಕೊಂಡೆ. ಮಾರನೇ ದಿನಾನೂ ಹಿಡ್ಕೊಂಡೆ. ಆಮೇಲೆ ಕಾಜ, ಆಮೇಲೆ ಅಂಚು. ಆ ಚೀಲಾನ ಮತ್ತೆ ಎತ್ತಲೇ ಇಲ್ಲ ನಾನು. ಆ ಬಟ್ಟೆ ತುದಿ ಬಿಡಿಸ್ಕೊಳ್ಳೋಕೆ ನಿಮ್ಮನ್ನ ಮದುವೆ ಆಗಬೇಕಾಯ್ತು."

"ಅಂತೂ ಒಳ್ಳೇ ಕಾರಣಕ್ಕೇ ಆಗಿದ್ದೀಯ."

"ಹಲ್ಲು ಕಿರೀಬೇಡಿ. ಇವಳು ತಾನಾಗಿ ಬಂದ್ರೆ ಬರಲಿ. ನೀವು ಮಾತ್ರ ಕರೀಬಾರದು. 'ಈ ತುದಿ ಹಿಡ್ಕೊ' ಅಂತ ಕೂಡ ಅನ್ನಬಾರದು. ಮಾತು ಕೊಡಿ."

ಬಡಗಿ ಉಳಿಯನ್ನು ಜೇಬಿಗಿಳಿಸಿ, ಮಗಳ ಮುಖ ನೋಡಿ, ಮಾತು ಕೊಟ್ಟ. ಅವನ ಬಗ್ಗೆ ಒಂದು ವಿಷಯ ಈಗಲೇ ಹೇಳಿಬಿಡಬೇಕು: ಎಲ್ಲಾದರೂ ಕೂದಲೆಳೆಯಷ್ಟು ಸಂದು ಉಳಿದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅದು ಬಾಗಿಲಲ್ಲಾಗಲಿ, ಮಾತಿನಲ್ಲಾಗಲಿ.

ಅವನ ಕಸುಬು ಬೆಳೆದದ್ದು ಊರಿನ ಸೊಟ್ಟ ಗೋಡೆಗಳ ದಯೆಯಿಂದ. ಅಂಗಡಿಯಲ್ಲಿ ಸಿಗುವ ಕಪಾಟು ನೆಟ್ಟಗಿನ ಗೋಡೆಗಷ್ಟೇ ಒಗ್ಗುತ್ತದೆ. ಅಲ್ಲಿನ ಹಳೆಯ ಮನೆಗಳೋ, ಬಸ್ಸಿನಲ್ಲಿ ನಿದ್ದೆಹೋದ ಪ್ರಯಾಣಿಕರ ಹಾಗೆ ಒಂದರ ಹೆಗಲಿಗೊಂದು ಒರಗಿಕೊಂಡು ನಿಂತವು. ಅಂಥ ಮನೆಗಳಿಗೆ ಬಡಗಿ ಹೋಗಿ ಗೋಡೆಯನ್ನು ಅಂಗೈಯಿಂದ ಸವರಿ, ಅದು ಎಲ್ಲಿ ಉಬ್ಬಿದೆಯೋ ಅಲ್ಲಿ ಮರವನ್ನು ಕೆತ್ತಿ, ಎಲ್ಲಿ ತಗ್ಗಿದೆಯೋ ಅಲ್ಲಿ ಉಳಿಸಿ, ಗೋಡೆಯಿಂದಲೇ ಮೊಳೆತು ಬಂದಿದೆ ಅನ್ನುವಂತೆ ಕಪಾಟು ಕೂರಿಸುತ್ತಿದ್ದ. ಮೆಟ್ಟಿಲ ಕೆಳಗಿನ ಸಂದಿಗೆ ಚಪ್ಪಲಿ ಗೂಡು. ಕಿಟಕಿಯ ಹೊಟ್ಟೆಯೊಳಗೆ ಕೂರುವ ಪೆಟ್ಟಿಗೆ. ಎಡಗೈಯವಳೊಬ್ಬಳಿಗೆ ಎಲ್ಲ ಬಾಗಿಲೂ ಆ ಕಡೆಗೇ ತೆರೆಯುವ ಅಡುಗೆಮನೆ.

ಗಿರಾಕಿಗಳೊಡನೆ ಮಾತಾಡುವುದು ಹೆಂಡತಿ. "ನಿಮ್ಮ ಗೋಡೆ ಸೊಟ್ಟಗಿದೆ" ಅಂದರೆ ಯಾರಿಗಾದರೂ ಮುಖ ಗಂಟಾಗುತ್ತದೆ. ಅವಳು "ನಿಮ್ಮ ಗೋಡೆಗೆ ಸ್ವಲ್ಪ ಸ್ವಂತ ಬುದ್ಧಿ ಇದೆ, ಅದನ್ನ ಒಪ್ಪಿಸೋಕೆ ಟೈಮ್ ಹಿಡಿಯತ್ತೆ" ಅನ್ನುತ್ತಿದ್ದಳು. ಅವರು ನಕ್ಕು ಒಪ್ಪುತ್ತಿದ್ದರು. ಮರ ಆರಿಸುವುದು, ಕೊನೆಯ ಎಣ್ಣೆ ಪಾಲಿಶ್ ಹಾಕುವುದೂ ಅವಳದೇ. ದರ್ಜಿಯಂಗಡಿಯ ತುದಿ ಬಿಟ್ಟು ಓಡಿಬಂದವಳು ಬಡಗಿಯಂಗಡಿಯ ತುದಿ ಹಿಡಿದಿದ್ದು ಹೇಗೆ ಎಂದು ಯಾರಾದರೂ ಕೆಣಕಿದರೆ, "ಇಲ್ಲಿ ಯಾರೂ ಹಿಡ್ಕೊ ಅನ್ನಲಿಲ್ಲ ನೋಡಿ, ಅದಕ್ಕೇ ಹಿಡಿದೆ" ಅನ್ನುವುದು ಅವಳ ಉತ್ತರ.

ಕಪಾಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಮೆಟ್ಟಿಲಿಗೆ ಏರಿದರು. ಮೆಟ್ಟಿಲು ಒಬ್ಬನ ಕೈಯಲ್ಲಾಗುವ ಕೆಲಸವಲ್ಲ. ಹಾಗಾಗಿ ಒಬ್ಬ ಜೊತೆಗಾರ ಬಂದ. ಇವನ ಕೈ ಎಷ್ಟು ಓಡುತ್ತಿತ್ತೋ ಬಾಯಿ ಅಷ್ಟೇ ಕಡಿಮೆ. ಸರಿ ಅನ್ನುವುದಕ್ಕೆ "ಹ್ಞೂಂ", ತಪ್ಪು ಅನ್ನುವುದಕ್ಕೆ "ಹ್ಞುಹ್ಞೂಂ", ಊಟದ ಹೊತ್ತಾಯಿತು ಅನ್ನುವುದಕ್ಕೆ ಸ್ವಲ್ಪ ಉದ್ದದ "ಹ್ಞೂಂ". ಮಕ್ಕಳಿಂದ ಹಿಡಿದು ಮರದ ಅಡ್ಡೆಯವರವರೆಗೆ ಅವನು ಎಲ್ಲರಿಗೂ 'ಹ್ಞೂಂ ಮಾವ'.

ಮೆಟ್ಟಿಲು ಮಾಡಿದ ಮೇಲೆ ಅದನ್ನು ಗಿರಾಕಿಯ ಮನೆಗೆ ಸಾಗಿಸುವ ಮುಂಚೆ ಅಂಟಿಲ್ಲದೆ ಒಮ್ಮೆ ಜೋಡಿಸಿ ಅಂಗಳದಲ್ಲಿ ನಿಲ್ಲಿಸುವುದು ಅವರ ಪದ್ಧತಿ. ಎಲ್ಲಿಗೂ ಹೋಗದ ಮೆಟ್ಟಿಲು ಆಕಾಶದ ಕಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಆಗ ಬಡಗಿಯ ಅಕ್ಕನಿಗೆ ಕರೆ ಹೋಗುತ್ತಿತ್ತು. ಅಕ್ಕ ಗುಂಡು ಕಲ್ಲಿನಂಥ ಹೆಂಗಸು. ತೂಕದಲ್ಲಿ ತಮ್ಮನ ಎರಡರಷ್ಟು, ಅದರ ಬಗ್ಗೆ ಅವಳಿಗೆ ಹೆಮ್ಮೆ. ಚಪ್ಪಲಿ ಬಿಟ್ಟು, ಒಂದೊಂದು ಮೆಟ್ಟಿಲ ಮೇಲೂ ನಿಂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಲಾಡಿ ಕಿವಿಗೊಡುತ್ತಿದ್ದಳು. ಎಲ್ಲಾದರೂ ಕಿರ್ರ್ ಎಂದರೆ ಸಾಕು, "ಲೋ ತಮ್ಮಾ, ಇದು ನನ್ನ ಬಗ್ಗೆ ಚಾಡಿ ಹೇಳ್ತಾ ಇದೆ ಕಣೋ!" ಎಂದು ಮೇಲಿನಿಂದ ಕೂಗುವಳು. ಆ ಮೆಟ್ಟಿಲು ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಅಕ್ಕ ತುದಿ ಮುಟ್ಟಿ ಸದ್ದಿಲ್ಲದೆ ಕೆಳಗಿಳಿದ ಮೆಟ್ಟಿಲು ಮಾತ್ರ ಗಿರಾಕಿಯ ಮನೆ ಸೇರುತ್ತಿತ್ತು. ಊರಿನಲ್ಲಿ ಅವರ ಮೆಟ್ಟಿಲಿಗೆ ಬೇರೆ ಜಾಹೀರಾತು ಬೇಕಾಗಲಿಲ್ಲ. ಬೀದಿಯಲ್ಲಿ ಹೋಗುವವರೆಲ್ಲ ಗೇಟಿಗೆ ಆತುಕೊಂಡು ಅಕ್ಕ ಹತ್ತಿಳಿಯುವುದನ್ನು ನೋಡಿದವರೇ.

ಶೆಡ್ಡಿನ ಬಾಡಿಗೆ ಹೋಗಿ ಸ್ವಂತ ಕಾರ್ಯಾಗಾರವಾಯಿತು, ಮೇಲೆ ಮನೆಯಾಯಿತು. ಎಲ್ಲ ನೆಟ್ಟಗಿತ್ತು. ಬಡಗಿಗೆ ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿದ್ದದ್ದು ಒಂದೇ: ಮಗಳು.

ಅವಳು ಚಿಕ್ಕವಳಿದ್ದಾಗ ದಿನಾ ಸಂಜೆ ಬಂದು ಕೀಸಿದ ಮರದ ಸುರುಳಿಗಳ ಗುಡ್ಡೆಯ ಮೇಲೆ ಕೂರುತ್ತಿದ್ದಳು. ಅಪ್ಪ ಉದ್ದದ ಹಲಗೆ ಕೊಯ್ಯುವಾಗ ಇನ್ನೊಂದು ತುದಿ ತೂಗಾಡುತ್ತಿರುತ್ತದೆ; ಯಾರಾದರೂ ಹಿಡಿಯಬೇಕು. ಹ್ಞೂಂ ಮಾವ ಹೊರಗೆ ಹೋಗಿದ್ದಾನೆ. ಮಗಳು ಮಾರು ದೂರದಲ್ಲಿ, ಕೈ ಖಾಲಿ. ಬೇರೆ ಯಾವ ಅಪ್ಪನಾದರೂ ಹಿಡ್ಕೊಳ್ಳಮ್ಮಾ ಅನ್ನುತ್ತಿದ್ದ. ಬಡಗಿಗೆ ಆ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ತಡೆಯುತ್ತಿತ್ತು. ಅವನು ಆ ತುದಿಯನ್ನು ಜಂತೆಗೆ ಹಗ್ಗ ಕಟ್ಟಿ ನೇತು ಹಾಕುತ್ತಿದ್ದ. ಹಗ್ಗ ಸಿಗದಿದ್ದರೆ ಸ್ಟೂಲು, ಡಬ್ಬ, ಇಟ್ಟಿಗೆ ಪೇರಿಸುತ್ತಿದ್ದ. ಒಮ್ಮೆ ಹಲಗೆಯ ಒಂದು ತುದಿ ಬೆಂಚಿನ ಮೇಲೆ, ಇನ್ನೊಂದು ತುದಿ ತನ್ನ ಎತ್ತಿದ ಮೊಣಕಾಲ ಮೇಲೆ ಇಟ್ಟುಕೊಂಡು ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು ಗರಗಸ ಎಳೆದಿದ್ದ. ಮಗಳು ತಾನಾಗಿ ಎದ್ದು ಬಂದು ಕೈ ಚಾಚಿದರೆ, ಇದೂ ಕರೆದ ಲೆಕ್ಕಕ್ಕೇ ಬಂದೀತೆಂದು ಹೆದರಿ, "ಬೇಡ ಬಿಡು, ನಾನೇ ನೋಡ್ಕೋತೀನಿ. ಹೋಗಿ ಆಡ್ಕೊ" ಅನ್ನುತ್ತಿದ್ದ.

ಅವಳು ಬರುವುದು ನಿಧಾನವಾಗಿ ಕಡಿಮೆಯಾಯಿತು. ಬೆಳೆದು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಹಿಡಿದಳು. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಕಟ್ಟುಹಲ್ಲು ಮಾಡುವ ಕೆಲಸ. ಬಹಳ ಬೇಗ ಹೆಸರು ಮಾಡಿದಳು. ಅಕ್ಕನ ಬಾಯಿಯ ಎರಡೂ ಸೆಟ್ಟು ಅವಳದೇ ಕೈಚಳಕ. "ಅಪ್ಪ ಮಾಡಿದ ಮೆಟ್ಟಿಲ ಮೇಲೆ ನಿಂತು ಮಗಳು ಮಾಡಿದ ಹಲ್ಲಲ್ಲಿ ನಗೋಳು ಈ ಊರಲ್ಲಿ ನಾನೊಬ್ಬಳೇ" ಎಂದು ಅಕ್ಕ ಸಿಕ್ಕಸಿಕ್ಕವರಿಗೆ ಬಾಯಿ ತೆರೆದು ತೋರಿಸುತ್ತಿದ್ದಳು.

"ನಮ್ಮಿಬ್ಬರದೂ ಒಂದೇ ಕಸುಬು ಅಲ್ವೇನಪ್ಪಾ," ಎಂದು ಮಗಳು ಒಂದು ಭಾನುವಾರ ಊಟಕ್ಕೆ ಬಂದಾಗ ಹೇಳಿದಳು. "ಜಾಗದ ಅಳತೆ ತಗೊಳ್ಳೋದು, ಅದಕ್ಕೆ ತಕ್ಕ ಹಾಗೆ ಕೂರಿಸೋದು, ಕಚ್ಚತ್ತಾ ನೋಡೋದು. ನಿಂದು ಗೋಡೆ, ನಂದು ದವಡೆ."

"ಗೋಡೆ ಉಗುಳಲ್ಲ," ಅಂದ ಬಡಗಿ.

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಆದರೆ ಅವಳು ಅಪ್ಪನ ಮುಖವನ್ನು ಒಂದು ಗಳಿಗೆ ಹೆಚ್ಚು ನೋಡಿದ್ದು ಅವನಿಗೆ ತಿಳಿಯಿತು. ಅವಳಿಗೆ ಬರುವ ಮನಸ್ಸಿದೆ ಎಂಬ ಗುಮಾನಿ ಅವನಿಗೆ ಆಗಾಗ ಬರುತ್ತಿತ್ತು. ಕೇಳಿದರೆ ತಿಳಿಯುತ್ತಿತ್ತು. ಕೇಳುವ ಹಾಗಿರಲಿಲ್ಲ.

ಹೀಗಿರುವಾಗ ಪುಸ್ತಕದಂಗಡಿಯಾಕೆ ಬಂದಳು. ಅವಳ ಅಂಗಡಿ ಎರಡು ಕಟ್ಟಡಗಳ ನಡುವೆ ಬೆಣೆ ಹೊಡೆದ ಹಾಗೆ ಇತ್ತು. ಮೇಲಿನ ಅಂತಸ್ತಿಗೆ ಒಂದು ಮೆಟ್ಟಿಲು ಬೇಕು. ನೇರ ಮೆಟ್ಟಿಲಿಗೆ ಜಾಗವಿಲ್ಲ. ಗೋಡೆಯ ಜೊತೆ ಬಳುಕುತ್ತ ಏರಬೇಕು. ಬಡಗಿ ಅಂಥದ್ದನ್ನು ಎಂದೂ ಮಾಡಿರಲಿಲ್ಲ. ಹೋಗಿ ನೋಡಿ ಬಂದವನು ಊಟದ ತಟ್ಟೆಯಲ್ಲಿ ಬೆರಳಿನಿಂದ ಆ ಬಳುಕನ್ನೇ ಬರೆಯುತ್ತ ಕೂತ.

"ಒಪ್ಕೊಳ್ಳಿ," ಅಂದಳು ಹೆಂಡತಿ. "ಇಲ್ಲಾಂದ್ರೆ ದಿನಾ ತಟ್ಟೆ ಮೇಲೆ ಮೆಟ್ಟಿಲು ಕಟ್ತೀರ."

ಒಪ್ಪಿಕೊಂಡ. ಅದೇ ವಾರ ಹ್ಞೂಂ ಮಾವ ತನ್ನ ಬದುಕಿನಲ್ಲೇ ಅತಿ ಉದ್ದದ ಭಾಷಣ ಮಾಡಿದ. "ಮಂಡಿ ಕೈಕೊಟ್ಟಿದೆ. ಇದೇ ಕೊನೇದು," ಅಂದ. ಇಬ್ಬರೂ ಉಳಿಗಳನ್ನು ಮಸೆದರು. ಇಷ್ಟು ವರ್ಷ ಜೊತೆಗಿದ್ದವನ ಜಾಗದಲ್ಲಿ ಯಾರೋ ಒಬ್ಬ ಕೂಲಿಯವನನ್ನು ತಂದು ನಿಲ್ಲಿಸುವುದು ಬಡಗಿಗೆ ಯೋಚಿಸಲೂ ಆಗಲಿಲ್ಲ. ಇನ್ನೊಂದು ಜೊತೆ ಕೈ ಇಲ್ಲದಿದ್ದರೆ ಮೆಟ್ಟಿಲಿನ ಕೆಲಸವೇ ನಿಂತುಹೋಗುತ್ತದೆ. ಮತ್ತೆ ಚಪ್ಪಲಿ ಗೂಡು.

ಆ ದಿನಗಳಲ್ಲೇ ಅವನು ಹೊಸದೊಂದು ಕೆಲಸದ ಬೆಂಚು ಮಾಡಿದ. ಬಡಗಿಗಳ ಬೆಂಚು ಎಂದರೆ ಅಂಗಿಯ ಹಾಗೆ, ಒಬ್ಬರದು ಇನ್ನೊಬ್ಬರಿಗಾಗುವುದಿಲ್ಲ. ಕೈ ಕೆಳಗೆ ಬಿಟ್ಟು ನಿಂತರೆ ಮಣಿಕಟ್ಟು ಎಲ್ಲಿ ಬರುತ್ತದೋ ಅದೇ ಅದರ ಎತ್ತರ. ಈ ಹೊಸ ಬೆಂಚು ಬಡಗಿಗೂ ತಗ್ಗು, ಹ್ಞೂಂ ಮಾವನಿಗೂ ತಗ್ಗು.

"ಹ್ಞೂಂ?" ಅಂದ ಹ್ಞೂಂ ಮಾವ, ಹುಬ್ಬು ಹಾರಿಸಿ.

"ಯಾರಾದ್ರೂ ಬಂದ್ರೆ ಬೇಕಾಗತ್ತೆ."

ಮುಂದಿನ ಭಾನುವಾರ ಮಗಳು ಅದರ ಮುಂದೆ ನಿಂತು ಅಂಗೈ ಊರಿ ನೋಡಿದಳು. ಹೇಳಿ ಮಾಡಿಸಿದ ಹಾಗಿತ್ತು.

"ಇದು ಯಾರಿಗಪ್ಪಾ?"

ಬಡಗಿ ಸಿಕ್ಕಿಬಿದ್ದ. ನಿಂಗೇ ಅಂದರೆ ಕರೆದ ಹಾಗಾಯಿತು. ಬೇರೆಯವರಿಗೆ ಅಂದರೆ ಸುಳ್ಳಾಯಿತು.

"ಯಾರಿಗೂ ಅಂತ ಇಲ್ಲ. ಮರ ಮಿಕ್ಕಿತ್ತು."

"ನಂಗೆ ಸರಿಯಾಗತ್ತೆ."

"ಹೌದಾ?" ಎಂದವನು ಆಗಲೇ ನುಣ್ಣಗಾಗಿದ್ದ ಹಲಗೆಯನ್ನು ಇನ್ನೊಂದು ಸಲ ಕೀಸತೊಡಗಿದ.

ಮಗಳು ಕೈ ಝಾಡಿಸಿಕೊಂಡು ಮೇಲೆ ಹೋದಳು. ಊಟಕ್ಕೆ ಕೂತಾಗ, ಯಾರ ಮುಖವನ್ನೂ ನೋಡದೆ, "ಲ್ಯಾಬಿನೋರು ಇನ್ನೊಂದು ಲ್ಯಾಬ್ ತೆಗೀತಾ ಇದ್ದಾರೆ. ದೂರದ ಊರಲ್ಲಿ. ಪೂರ್ತಿ ನಾನೇ ನೋಡ್ಕೋಬೇಕಂತೆ," ಅಂದಳು. "ಮುಂದಿನ ಸೋಮವಾರದೊಳಗೆ ಹೇಳಬೇಕು."

ಹೆಂಡತಿ ಮೇಜಿನ ಕೆಳಗೆ ಬಡಗಿಯ ಕಾಲನ್ನು ಜೋರಾಗಿ ತುಳಿದಳು. ಅವನಿಗೆ ಅರ್ಥವಾಯಿತು: ಬಾಯಿ ಬಿಟ್ಟೀರಾ ಜೋಕೆ, ಮಾತು ಕೊಟ್ಟಿದ್ದೀರಿ.

"ಒಳ್ಳೇದಾಯ್ತು ಬಿಡು," ಅಂದ, ನೋವಿಗೆ ಕಣ್ಣಲ್ಲಿ ನೀರು ತುಂಬಿಕೊಂಡು.

ಹೆಂಡತಿ ಇನ್ನೂ ಒಮ್ಮೆ ತುಳಿದಳು. ಎಷ್ಟು ಎಚ್ಚರಿಕೆಯ ಹೆಂಗಸು, ಅಂದುಕೊಂಡ ಬಡಗಿ.

ಮರುವಾರ ಮೆಟ್ಟಿಲಿನ ಕಷ್ಟದ ಕೆಲಸ. ಮೆಟ್ಟಿಲುಗಳನ್ನೆಲ್ಲ ಹೊತ್ತು ನಿಲ್ಲುವ ಬಾಗಿದ ಪಕ್ಕದ ಹಲಗೆ ಮಾಡಬೇಕು. ಅಷ್ಟು ದಪ್ಪದ ಮರ ಬಾಗುವುದಿಲ್ಲ. ಅದಕ್ಕೆ ಮರವನ್ನು ಉದ್ದುದ್ದದ ತೆಳು ಪಟ್ಟಿಗಳಾಗಿ ಸೀಳಿ, ಪ್ರತಿಯೊಂದಕ್ಕೂ ಅಂಟು ಬಳಿದು, ಒಂದರ ಮೇಲೊಂದು ಇಟ್ಟು, ಇಡೀ ಕಟ್ಟನ್ನು ದೊಡ್ಡ ಅಚ್ಚಿನ ಸುತ್ತ ಬಗ್ಗಿಸಿ, ಒತ್ತಿ ಹಿಡಿಯುವ ತಿರುಪಿನ ಕ್ಲಾಂಪು ಬಿಗಿಯಬೇಕು. ಒಬ್ಬರು ತುದಿ ಹಿಡಿದು ಎಳೆಯುತ್ತ ಬಗ್ಗಿಸಿದರೆ ಇನ್ನೊಬ್ಬರು ಹಿಂದಿನಿಂದ ಬಿಗಿಯುತ್ತ ಬರಬೇಕು. ಅಂಟು ಬಳಿದ ಮೇಲೆ ಮರ ಯಾರನ್ನೂ ಕಾಯುವುದಿಲ್ಲ. ಒಂದು ಲೋಟ ಟೀ ಆರುವಷ್ಟರಲ್ಲಿ ಮುಗಿಸದಿದ್ದರೆ ಇಡೀ ಕಟ್ಟು ನೇರವಾಗಿಯೇ ಗಟ್ಟಿಯಾಗಿ ಸೌದೆಗೆ ಹೋಗುತ್ತದೆ.

ಕೆಲಸಕ್ಕೆ ಭಾನುವಾರದ ಬೆಳಗನ್ನೇ ಆರಿಸಿಕೊಂಡಿದ್ದರು. ಬೀದಿಯ ಗಲಾಟೆ ಇಲ್ಲ, ಗಿರಾಕಿಗಳ ಕಾಟ ಇಲ್ಲ. ಅಂಗಳದ ಬಾಗಿಲ ಬಳಿ ಹೆಂಡತಿ ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ಮೆಟ್ಟಿಲ ಹಲಗೆಗಳಿಗೆ ಪಾಲಿಶ್ ತಿಕ್ಕುತ್ತಿದ್ದಳು. ಅಕ್ಕ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಳು. ಮಗಳು ಅವಳ ಮೇಲಿನ ಸೆಟ್ಟನ್ನು ಸ್ವಲ್ಪ ಅರೆದು ತಂದು ಕೂರಿಸುತ್ತಿದ್ದಳು.

"ಕಚ್ಚಿ ಅತ್ತೆ. ಹಾಂ. ಎಲ್ಲಾದ್ರೂ ಒತ್ತತ್ತಾ?"

"ಒತ್ತಲ್ಲ ಕಣೇ. ಈಗ ಯಾರನ್ನ ಬೇಕಾದ್ರೂ ಕಚ್ಚಬಲ್ಲೆ."

ಒಳಗೆ ಬಡಗಿ, ಹ್ಞೂಂ ಮಾವ ಇಬ್ಬರೂ ಕೊನೆಯ ಪಟ್ಟಿಗೆ ಅಂಟು ಬಳಿದು ಮುಗಿಸಿದರು. ಕಟ್ಟನ್ನು ಎತ್ತಿ ಅಚ್ಚಿಗೆ ಆನಿಸಿದರು. ಬಡಗಿ ಒಂದು ಕೊನೆಗೆ ಎರಡು ಕ್ಲಾಂಪು ಬಿಗಿದ. ಹ್ಞೂಂ ಮಾವ ಇನ್ನೊಂದು ತುದಿಯನ್ನು ಹಿಡಿದು ಎಳೆಯಲು ಬಗ್ಗಿದ. ಬಗ್ಗಿದವನು ಹಾಗೇ ಉಳಿದ.

"ಹ್ಞ..." ಅಂದ. ಮುಂದಿನ ಅರ್ಧ ಹೊರಬರಲಿಲ್ಲ. ಸೊಂಟ ಹಿಡಿದುಕೊಂಡುಬಿಟ್ಟಿತ್ತು. ಮೆಲ್ಲಗೆ ಮಂಡಿಯೂರಿ, ಆಮೇಲೆ ಪಕ್ಕಕ್ಕೆ ಹೊರಳಿ, ನೆಲದ ಮೇಲೆ ಅಂಗಾತ ಮಲಗಿ ಜಂತೆಯನ್ನು ನೋಡತೊಡಗಿದ.

ಬಿಟ್ಟ ತುದಿ ಚಟ್ಟನೆ ನೆಟ್ಟಗಾಯಿತು. ಪಟ್ಟಿಗಳು ಒದ್ದೆ ಮೀನುಗಳ ಹಾಗೆ ಒಂದರ ಮೇಲೊಂದು ಜಾರತೊಡಗಿದವು. ಬಡಗಿ ಹಾರಿಹೋಗಿ ಆ ತುದಿ ಹಿಡಿದ. ಹಿಡಿದರೆ ಕ್ಲಾಂಪು ಬಿಗಿಯಲು ಕೈಯಿಲ್ಲ. ಕ್ಲಾಂಪಿಗೆ ಕೈ ಹಾಕಿದರೆ ತುದಿ ಜಾರುತ್ತದೆ. ಜೊತೆಗೆ ಎಳೆತಕ್ಕೆ ಅಚ್ಚೇ ಒಂದು ಕಡೆಗೆ ಎದ್ದಿತು.

"ಅಕ್ಕಾ!" ಎಂದು ಕೂಗಿದ. "ಬಂದು ಇದರ ಮೇಲೆ ಕೂತ್ಕೊ!"

ಅಕ್ಕ ಬಂದು ಅಚ್ಚಿನ ಇನ್ನೊಂದು ಕಡೆ ಧೊಪ್ಪನೆ ಕೂತಳು. ಅಚ್ಚು ಭೂಮಿಗಂಟಿತು. ಹೆಂಡತಿ ಓಡಿ ಬಂದವಳು ತನ್ನ ಕೈ ನೋಡಿಕೊಂಡು ಅಲ್ಲೇ ನಿಂತಳು. ಎಣ್ಣೆಗೈ ತಗುಲಿದರೆ ಅಂಟು ಕೂರುವುದಿಲ್ಲ.

ಮಗಳು ಕೈ ಚಾಚಿಕೊಂಡು ನೇರ ಅಪ್ಪನ ಬಳಿಗೆ ಬಂದಳು. ಬಡಗಿಯ ಬಾಯಿಂದ, ಇಷ್ಟು ವರ್ಷದ ರೂಢಿಯಿಂದ, ತಾನೇತಾನಾಗಿ ಹೊರಟಿತು:

"ಬೇಡ ಬಿಡು, ನಾನೇ ನೋಡ್ಕೋತೀನಿ."

ಅವಳು ಗಕ್ಕನೆ ನಿಂತಳು.

"ಈಗಲೂನಾ ಅಪ್ಪಾ?"

"ಹಾಗಲ್ಲ ಕಣೇ..."

"ಹಲಗೆ ಕೆಳಗೆ ಡಬ್ಬ ಇಟ್ಟೆ, ಇಟ್ಟಿಗೆ ಇಟ್ಟೆ, ಒಂಟಿಕಾಲಲ್ಲಿ ನಿಂತೆ. ಒಂದು ದಿನ, ಒಂದೇ ಒಂದು ದಿನ ನನ್ನ ಕರೀಲಿಲ್ಲ. ನಾನೇ ಬಂದ್ರೂ ಓಡಿಸ್ದೆ. ಡಬ್ಬಕ್ಕಿಂತ ಕಡೆಯಾದ್ನಾ ನಾನು? ಬೇರೆಯವರ ದವಡೆ ನನ್ನ ಕೈಗೆ ಬಿಡ್ತಾರೆ. ಈ ತುದಿ ಬಿಡೋಕೆ ನಿಂಗಾಗಲ್ಲ!"

"ಅಯ್ಯೋ, ನಾನು ಕರೆಯೋ ಹಾಗಿಲ್ಲ ಕಣೇ!" ಬಡಗಿ ಜಾರುವ ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದ. "ನಿಮ್ಮಮ್ಮಂಗೆ ಮಾತು ಕೊಟ್ಟಿದ್ದೀನಿ!"

"ಏನಂತ?"

"ನಿನ್ನ ಕೆಲಸಕ್ಕೆ ಕರೆಯಲ್ಲ ಅಂತ. ಈ ತುದಿ... ಆ ಮಾತು ಕೂಡ ಅನ್ನಲ್ಲ ಅಂತ. ನೀನು ಹುಟ್ಟಿದ ವಾರದಲ್ಲಿ."

ಪಟ್ಟಿಗಳ ಸಂದಿನಿಂದ ಅಂಟು ನೆಲಕ್ಕೆ ತೊಟ್ಟಿಕ್ಕಿತು.

"ರೀ," ಅಂದಳು ಹೆಂಡತಿ, ಕಣ್ಣು ಅಗಲಿಸಿ. "ಅದನ್ನ ಇನ್ನೂ ಇಟ್ಕೊಂಡಿದ್ದೀರಾ? ಅದು ಚಿಕ್ಕ ಮಗೂಗೆ ಅಂತ ಕೇಳಿದ ಮಾತು ಕಣ್ರೀ! ಶಾಲೆ ಬಿಡಿಸ್ತೀರೇನೋ ಅಂತ!"

"ಎಷ್ಟು ವಯಸ್ಸಿನ ತನಕ ಅಂತ ನೀನು ಹೇಳಲಿಲ್ಲ," ಅಂದ ಬಡಗಿ. "ಅಳತೆ ಹೇಳ್ದೆ ಕೆಲಸ ಒಪ್ಪಿಸಿದ್ದು ನೀನು."

"ಮತ್ತೆ ಹೋದ ವಾರ ಅಷ್ಟು ತುಳಿದ್ನಲ್ಲ, ಅವಳನ್ನ ಕೇಳಿ ಅಂತ!"

"ನಾನು ಸುಮ್ಮನಿರು ಅಂತ ತಿಳ್ಕೊಂಡೆ! ಉಗುರು ಇನ್ನೂ ಕಪ್ಪಗಿದೆ."

ಅಚ್ಚಿನ ಮೇಲೆ ಕೂತಿದ್ದ ಅಕ್ಕ ನಗಲು ಶುರು ಮಾಡಿದಳು. ಅವಳು ನಕ್ಕಂತೆ ಅಚ್ಚು ಕುಲುಕಿತು. "ನಗಬೇಡ ಅಕ್ಕಾ, ಪಟ್ಟಿ ಜಾರತ್ತೆ!" ಎಂದು ಬಡಗಿ ಗೋಗರೆದ. ನೆಲದ ಮೇಲಿನಿಂದ ಹ್ಞೂಂ ಮಾವ, ಜಂತೆ ನೋಡುತ್ತಲೇ, "ಹ್ಞುಹ್ಞೂಂ," ಅಂದ. ಅಂದರೆ ಅಂಟು ಬಿಗಿಯುತ್ತಿದೆ, ನಿಮ್ಮ ಪಂಚಾಯ್ತಿ ಸಾಕು.

"ಹಾಗಾದ್ರೆ ಈಗ ಆ ಮಾತು ವಾಪಸ್ ತಗೊಳ್ಳೇ," ಅಂದ ಬಡಗಿ ಹೆಂಡತಿಗೆ. "ಬೇಗ. ಕೈ ಸೋತುಹೋಗ್ತಿದೆ."

ಹೆಂಡತಿ ಬಾಯಿ ತೆರೆದಳು. ಮಗಳ ಮುಖ ನೋಡಿದಳು. ಆ ಮುಖ ಅಮ್ಮನ ಕಡೆಗಿರಲಿಲ್ಲ, ಅಪ್ಪನನ್ನೇ ನೋಡುತ್ತಿತ್ತು. ಹೆಂಡತಿ ತೆರೆದ ಬಾಯಿ ಮುಚ್ಚಿ, ಎಣ್ಣೆಗೈಗಳನ್ನು ಸೊಂಟದ ಮೇಲಿಟ್ಟುಕೊಂಡಳು.

"ತಗೊಳ್ಳಲ್ಲ."

"ಏನು?"

"ನಾನು ವಾಪಸ್ ತಗೊಂಡ್ರೆ, ಅಮ್ಮ ಬಿಟ್ಟಿದ್ದಕ್ಕೆ ಅಪ್ಪ ಕರೆದ ಅಂತಾಗತ್ತೆ. ನಿಮಗೆ ಅವಳು ಬೇಕಿದ್ರೆ ನೀವೇ ಮುರೀರಿ. ಬೈಯೋಕೆ ನಾನಿದ್ದೀನಿ."

ಬಡಗಿ ಒಮ್ಮೆ ಹೆಂಡತಿಯನ್ನು, ಒಮ್ಮೆ ಮಗಳನ್ನು ನೋಡಿದ. ಅವನು ಕೊಟ್ಟ ಮಾತು ಇಲ್ಲಿಯವರೆಗೆ ಒಂದೂ ಸಡಿಲಾಗಿರಲಿಲ್ಲ. ಇಂಥ ದಿನ ಕೊಡುತ್ತೇನೆಂದ ಬಾಗಿಲು ಅಂಥ ದಿನವೇ ಹೋಗಿ ನಿಲ್ಲುತ್ತಿತ್ತು. ಬೀದಿಯಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಅದರದೇ. ಆದರೆ ಮಗಳು ಚಿಕ್ಕವಳಿದ್ದಾಗ ಸುರುಳಿಗಳ ಗುಡ್ಡೆಯ ಮೇಲೆ ಕೂತು, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತನ್ನ ಒಂಟಿಕಾಲಾಟ ನೋಡುತ್ತಿದ್ದದ್ದು ಕಣ್ಣೆದುರು ಬಂತು. ಅವಳು ಅಲ್ಲಿ ಕಾಯುತ್ತ ಕೂತಿದ್ದಳು. ಆಡಲು ಬಂದವಳೆಂದು ಅವನು ತಿಳಿದಿದ್ದ.

"ಮಗಾ," ಅಂದ. "ಈ ತುದಿ ಹಿಡ್ಕೊ."

ಅವಳು ಹಿಡಿದಳು. ಹಿಡಿದದ್ದೇ ತಡ, ಕಾಲು ಅಗಲಿಸಿ ನಿಂತು, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆದಳು. ಕಟ್ಟು ಅಚ್ಚಿನ ಬಳಿಗೆ ಬಾಗಿ ಬಂತು. ಬಡಗಿ ಒಂದು ಕ್ಲಾಂಪು ಬಿಗಿದ, ಇನ್ನೊಂದಕ್ಕೆ ಕೈ ಹಾಕಿದ.

"ಇಲ್ಲಿ ಮೇಲಿನ ಪಟ್ಟಿ ಎದ್ದಿದೆ," ಅಂದಳು ಮಗಳು.

"ಕೊಡತಿಯಲ್ಲಿ ತಟ್ಟು. ಮೆಲ್ಲಗೆ. ಹಾಂ, ಹಲ್ಲು ಅಂದ್ಕೊ."

"ಹಲ್ಲಿಗೆ ಕೊಡತೀಲಿ ತಟ್ಟಿದ್ರೆ ಜೈಲಿಗೆ ಹಾಕ್ತಾರಪ್ಪ!"

"ನನ್ನ ಹಲ್ಲಿನ ಸುದ್ದಿ ಎತ್ತಬೇಡ್ರೋ," ಎಂದು ಅಕ್ಕ ಮೇಲಿನಿಂದ ಕೂಗಿದಳು.

"ಎಳಿ. ಇನ್ನೂ ಎಳಿ. ಉಸಿರು ಬಿಡಬೇಡ. ಈಗ ಬಿಡು, ಉಸಿರು ಮಾತ್ರ, ತುದಿ ಅಲ್ಲ!"

ಅವಳು ನಗುತ್ತ ಎಳೆದಳು, ಎಳೆಯುತ್ತ ನಕ್ಕಳು. ಎಳೆದ ಒಂದೊಂದು ಗೇಣಿಗೂ ಬಡಗಿ ಹಿಂದೆಯೇ ಬಿಗಿಯುತ್ತ ಬಂದ. ಅಂಟು ಅವಳ ಮೊಣಕೈವರೆಗೆ ಇಳಿಯಿತು, ಕೂದಲಿಗೂ ಹತ್ತಿತು. ಕೊನೆಯ ಕ್ಲಾಂಪು ಬಿದ್ದಾಗ ಆ ಉದ್ದದ ಬಳುಕು ಅಚ್ಚಿನ ಮೈಗೆ ಎಲ್ಲೂ ಸಂದಿಲ್ಲದೆ ಅಪ್ಪಿಕೊಂಡಿತ್ತು. ಬಡಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆರಳಾಡಿಸಿದ. ಮಗಳು ಇನ್ನೊಂದು ಕಡೆಯಿಂದ ಬೆರಳಾಡಿಸುತ್ತ ಬಂದಳು. ನಡುವೆ ಎದುರಾದರು.

"ಹ್ಞೂಂ," ಅಂದ ಹ್ಞೂಂ ಮಾವ ನೆಲದ ಮೇಲಿನಿಂದ.

ಆಮೇಲೆ ಅವನನ್ನು ಎಬ್ಬಿಸಿ ಬಿಸಿನೀರಿನ ಚೀಲ ಕಟ್ಟಿ ಕೂರಿಸಿದರು. ಅಕ್ಕ ಅಚ್ಚಿನಿಂದ ಇಳಿಯಲೊಪ್ಪಲಿಲ್ಲ, ಅಂಟು ಒಣಗುವವರೆಗೆ ತನ್ನ ಡ್ಯೂಟಿ ಎಂದಳು. ಮಗಳು ಕೈಯಿಂದ ಅಂಟಿನ ಪೊರೆ ಸುಲಿಯುತ್ತ ನಿಂತಿದ್ದಳು. ಬಡಗಿ ಹೆಂಡತಿಯ ಕಡೆ ಕಳ್ಳನ ಹಾಗೆ ನೋಡಿದ.

"ಒಂದು ತುದಿ ಹಿಡಿಸಿದ್ದು ಅಷ್ಟೇ," ಅಂದಳು ಅವಳು. "ಅದನ್ನ ಆಪತ್ತಿಗೆ ಅಂತ ಬೇಕಾದ್ರೆ ಮಾಫಿ ಮಾಡ್ತೀನಿ. ಮಾತು ಇನ್ನೂ ಉಳ್ಕೊಂಡಿದೆ ಅಂದ್ಕೊಳ್ಳಿ."

ಅವನಿಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟಿದ್ದಳು. ಅವನು ಅದನ್ನು ನೋಡಿದ. ನೋಡಿ, ಅಂಟಿನ ಕೈಯನ್ನು ಅಂಗಿಗೇ ಒರೆಸಿಕೊಂಡು ಮಗಳ ಎದುರು ಹೋಗಿ ನಿಂತ.

"ನಾಳೆ ಬಾ," ಅಂದ. "ನಾಡಿದ್ದೂ ಬಾ. ಲ್ಯಾಬ್ ದೊಡ್ಡದು, ಹೆಸರಿದೆ, ಎಲ್ಲ ಗೊತ್ತು. ಆದ್ರೂ ಕೇಳ್ತಾ ಇದ್ದೀನಿ. ಹ್ಞೂಂ ಮಾವನ ಜಾಗಕ್ಕಲ್ಲ. ನನ್ನ ಪಕ್ಕದ ಜಾಗಕ್ಕೆ. ನಂಗೆ ನೀನು ಬೇಕು ಕಣೇ. ನೀನು ಅಂಬೆಗಾಲಿಡ್ತಿದ್ದಾಗಿಂದ ಬೇಕಾಗಿದ್ದೆ."

ಮಗಳು ಬೆರಳಿನ ಪೊರೆಯನ್ನು ಪೂರ್ತಿ ಸುಲಿದಳು.

"ಇಷ್ಟು ಹೇಳೋಕೆ ಇಷ್ಟು ವರ್ಷ ತಗೊಂಡಿದ್ದೀಯ," ಅಂದಳು. "ಒಂದು ಷರತ್ತು. ಅತ್ತೆ ಹಲ್ಲು ಮಾತ್ರ ನಾನೇ ನೋಡ್ಕೋತೀನಿ."

"ಬದುಕಿದೆ!" ಅಂದಳು ಅಕ್ಕ.

ಹೆಂಡತಿ ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡು, ಕಣ್ಣು ಉರಿಯುತ್ತಿದೆ ಎಂದು ಗಂಡನನ್ನು ಬೈದಳು. ಕೊಟ್ಟ ಮಾಫಿ ಹಿಂದಕ್ಕೆ ತೆಗೆದುಕೊಂಡೆ ಎಂದಳು. ಕೊಟ್ಟ ಮಾತಿಗೆ ತಪ್ಪಿದವನು ಎಂದು ಬೈದಳು. ಅವನು ಅಷ್ಟನ್ನೂ ತಲೆ ತಗ್ಗಿಸಿ, ಹಲ್ಲು ಬಿಟ್ಟುಕೊಂಡು ಕೇಳಿಸಿಕೊಂಡ.

ಸೋಮವಾರ ಬೆಳಿಗ್ಗೆ ಮಗಳು ಲ್ಯಾಬಿಗೆ ಫೋನ್ ಮಾಡಿ, ದೂರದೂರಿಗೆ ತಾನು ಹೋಗುವುದಿಲ್ಲ ಎಂದು ಹೇಳಿದಳು. ಮಗಳನ್ನು ಕರೆಯುವುದಿಲ್ಲ ಎಂದು ಹೆಂಡತಿಗೆ ಕೊಟ್ಟಿದ್ದ ಮಾತನ್ನು ಬಡಗಿ ಮುರಿದಿದ್ದ.